ಸುಸ್ತಾದವರ ಮಿಷನ್

ಅವರು ಮಿಷನ್ನಿನ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ತಿರುಗುವ ಬೇರಿಂಗಿನ ಗೂಡಿಗೆ ಒತ್ತಿ, ಅದರ ಮರದ ಹಿಡಿಯನ್ನು ದವಡೆಯಲ್ಲಿ ಕಚ್ಚಿಕೊಂಡು, ಕಣ್ಣು ಮುಚ್ಚಿ ಬಗ್ಗಿ ನಿಲ್ಲುವರು. ಗೊತ್ತಿಲ್ಲದವರು ನೋಡಿದರೆ ಈ ಮುದುಕ ಕಬ್ಬಿಣ ತಿನ್ನಲು ಹೊರಟಿದ್ದಾನೆ ಅಂದುಕೊಳ್ಳಬೇಕು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರುಗಳ ಪಕ್ಕದಲ್ಲಿ ನಲವತ್ತು ವರ್ಷ ನಿಂತು ಅವರ ಕಿವಿ ಮುಕ್ಕಾಲು ಪಾಲು ಹೋಗಿತ್ತು. ಹಲ್ಲು ಮಾತ್ರ ಗಟ್ಟಿಯಾಗಿದ್ದವು. ಒಂದು ನಿಮಿಷ ಹಾಗೆ ನಿಂತು, ಹಿಡಿಯನ್ನು ಅಂಗಿಗೆ ಒರೆಸಿಕೊಂಡು, “ಎಡಗಡೇದು ಗ್ರೀಸ್ ಕೇಳ್ತಾ ಅದೆ” ಎನ್ನುವರು. ಬಿಚ್ಚಿದರೆ ಎಡಗಡೆಯದೇ ಒಣಗಿರುತ್ತಿತ್ತು.

ಕುಶಾಲನಗರದಲ್ಲಿ ನನ್ನ ಅಂಗಡಿಯ ಹಿಂದೆ ಇದ್ದ ತಗಡಿನ ಶೆಡ್ಡು ಅವರದು. ಊರು ಶಿರಂಗಾಲದ ಕಡೆ. ಹಾಸನದಿಂದ ಬಂದು ಅಲ್ಲಿ ಗದ್ದೆ ಮಾಡಿಕೊಂಡ ಮನೆತನದಲ್ಲಿ ಇವರೊಬ್ಬರು ಮಾತ್ರ ನೇಗಿಲು ಬಿಟ್ಟು ಸ್ಪ್ಯಾನರ್ ಹಿಡಿದವರು. ಕಾಫಿ ಕೊಯ್ಲಿನ ಪಿಕ್ಕಿಂಗ್ ಶುರುವಾದರೆ ಗೋಣಿಕೊಪ್ಪಲು ಕಡೆಯ ಎಸ್ಟೇಟುಗಳಿಂದ ಜೀಪು ಬಂದು ಅವರನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಎಲ್ಲರಿಗೂ ಅವರು ಪಲ್ಪರ್ ಮೇಸ್ತ್ರಿ. ನಾನೂ ಮೇಸ್ತ್ರಿ ಎಂದೇ ಕರೆಯುತ್ತಿದ್ದೆ. ಎಸ್ಟೇಟಿನ ಗೇಟಿಗೆ, ಹೋಮ್‌ಸ್ಟೇಗೆ, ಮನೆಯ ಬಾಗಿಲಿಗೆ ಮರದ ಹಲಗೆಯಲ್ಲಿ ಹೆಸರು ಕೆತ್ತಿಕೊಡುವುದು ನನ್ನ ಕಸುಬಾದ್ದರಿಂದ ನಾನು ಅವರಿಗೆ ‘ಬೋರ್ಡವ್ವ’. ಯಾವ ಮಿಷನ್ನಾದರೂ ಸರಿಹೋಗಿ ಓಡತೊಡಗಿದ ಕೂಡಲೇ ಅವರು ಚೀಲ ಎತ್ತಿಕೊಂಡು ಹೊರಡುತ್ತಿದ್ದರು. ಕಾಫಿ ಕುಡಿದು ಹೋಗಿ ಎಂದರೂ ನಿಲ್ಲುತ್ತಿರಲಿಲ್ಲ. “ಓಡೋ ಮಿಷನ್ ನೋಡಕ್ಕೆ ನಾನ್ಯಾಕೆ? ಅದ್ನ ಯಾರ್ ಬೇಕಾರೂ ನೋಡ್ತಾರೆ” ಎನ್ನುತ್ತಿದ್ದರು.

ನನ್ನ ಬಲಗೈಯ ಮಣಿಕಟ್ಟು ಕೈಕೊಟ್ಟದ್ದು ನಲವತ್ತಮೂರನೆಯ ವಯಸ್ಸಿನಲ್ಲಿ. ಇಪ್ಪತ್ತು ವರ್ಷ ಉಳಿ ಹಿಡಿದು ಕೊಡತಿಯಿಂದ ಹೊಡೆದದ್ದರ ಫಲ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ, ಹಾಲಿನ ಪಾತ್ರೆ ಎತ್ತಲು ಎರಡು ಕೈ ಬೇಕಾಗುತ್ತಿತ್ತು. ಮೈಸೂರಿನ ಡಾಕ್ಟರು ಉಳಿ ಮುಟ್ಟಬೇಡಿ ಎಂದರು, ಆ ಪೆನ್ನು ಬೇಡ, ಈ ಪೆನ್ನು ಹಿಡಿಯಿರಿ ಎನ್ನುವಷ್ಟು ಸಲೀಸಾಗಿ. ನನಗೆ ಗೊತ್ತಿದ್ದದ್ದು ಅದೊಂದೇ ಕೆಲಸ. ಅಂಗಡಿ ಮುಚ್ಚಬೇಕು, ಇಲ್ಲವೇ ಕೆತ್ತುವ ಮಿಷನ್ ಇಡಬೇಕು. ಕಾರ್ಖಾನೆಯವರು ಇಡುವ, ಕಂಪ್ಯೂಟರ್ ನಡೆಸುವ ದೊಡ್ಡ ಸಿಎನ್‌ಸಿ ಮಿಷನ್ ನನ್ನ ಕೈಗೆ ಎಟುಕುವಂಥದ್ದಲ್ಲ. ಹವ್ಯಾಸಕ್ಕೆಂದು ಜನ ಬಿಡಿ ಭಾಗ ತರಿಸಿ ಮನೆಯಲ್ಲೇ ಜೋಡಿಸಿಕೊಳ್ಳುವ ಸಣ್ಣ ಮಿಷನ್ನೇ ನನಗೆ ಉಳಿದ ದಾರಿ ಎಂದು ತೀರ್ಮಾನಿಸಿದೆ. ಮೇಸ್ತ್ರಿಗೆ ಹೇಳಿದೆ. “ಮೈ ನಾನು ಮಾಡ್ಕೊಡ್ತೀನಿ. ತಲೆ ನೀನು ನೋಡ್ಕ” ಎಂದರು. ಕಬ್ಬಿಣದ ಚೌಕಟ್ಟು, ರೈಲು, ಸ್ಕ್ರೂ ಅವರದು. ಮೋಟಾರು, ಕಂಟ್ರೋಲ್ ಕಾರ್ಡು, ಸಾಫ್ಟ್‌ವೇರು ಆರಿಸುವುದು ನನ್ನದು.

ಈ ಆರಿಸುವ ಕೆಲಸದಲ್ಲಿ ನಾನು ಎಂಟು ತಿಂಗಳು ಕಳೆದೆ. ಇಷ್ಟು ದಣಿಸುವ ಕೆಲಸ ಇನ್ನೊಂದನ್ನು ನಾನು ಮಾಡಿಲ್ಲ. ಹಳೆಯ ಕಂಪ್ಯೂಟರಿಗೆ ಉಚಿತ ಸಾಫ್ಟ್‌ವೇರ್ ಹಾಕಿ ಅದರಿಂದಲೇ ಮೋಟಾರು ಓಡಿಸಿ ಎಂದು ವಿಡಿಯೋದಲ್ಲಿ ಒಬ್ಬ. ಕಂಪ್ಯೂಟರನ್ನು ನಂಬಬೇಡಿ, ಅಂಗೈಯಗಲದ ಕಾರ್ಡು ಸಾಕು ಎಂದು ಇನ್ನೊಬ್ಬ. ಅದೆಲ್ಲ ಮಕ್ಕಳಾಟ, ಕೈಯಲ್ಲಿ ಹಿಡಿಯುವ ಕಂಟ್ರೋಲರೇ ಸರಿ ಎಂದು ಮೂರನೆಯವನು. ಹೇಳಿದಷ್ಟು ಹೆಜ್ಜೆ ತಿರುಗುವ ಸಾಮಾನ್ಯ ಸ್ಟೆಪ್ಪರ್ ಮೋಟಾರು ಒಂದು ಕಡೆ. ತಿರುಗಿದ್ದು ಎಷ್ಟು ಎಂದು ತಾನೇ ನೋಡಿಕೊಂಡು ವರದಿ ಕೊಡುವ ಮೋಟಾರು ಇನ್ನೊಂದು ಕಡೆ. ಒಂದು ವಿಡಿಯೋ ನೋಡಿ ಮನಸ್ಸು ಗಟ್ಟಿಮಾಡಿಕೊಂಡರೆ ಅದರ ಕೆಳಗಿನ ನೂರು ಜನರ ಜಗಳ ಓದಿ ಮತ್ತೆ ಮೆತ್ತಗಾಗುತ್ತಿತ್ತು. ಮಾರುವವರಿಗೆ ಫೋನ್ ಮಾಡಿದರೆ ಎಲ್ಲರೂ ಕೇಳುವುದು ಒಂದೇ: ಎಷ್ಟು ದೊಡ್ಡ ಹಲಗೆ ಮೇಡಂ, ಯಾವ ಮರ, ಎಷ್ಟು ವೇಗ ಬೇಕು? ನಾನು ಒಳ್ಳೆ ಗಟ್ಟಿಗಿತ್ತಿಯ ಹಾಗೆ ಉತ್ತರ ಕೊಡುತ್ತಿದ್ದೆ. ಕೊಟ್ಟು ಮುಗಿಸಿ ಫೋನಿಟ್ಟ ಮೇಲೆ ಸುಮ್ಮನೆ ಗೋಡೆ ನೋಡುತ್ತ ಕೂರುತ್ತಿದ್ದೆ.

ಮೇಸ್ತ್ರಿ ಶೆಡ್ಡಿನಿಂದ ಇಣುಕಿ ರೇಗಿಸುವರು. “ಇನ್ನೂ ಗಂಡು ನೋಡೋ ಶಾಸ್ತ್ರ ಮುಗೀಲಿಲ್ವಾ ಬೋರ್ಡವ್ವ?”

“ಎಲ್ಲಾ ಗಂಡೂ ಚೆನ್ನಾಗೇ ಓಡ್ತವೆ ಮೇಸ್ತ್ರೀ. ಯಾವುದು ಅಂತ ಹೇಳೋದು?” ಎಂದು ನಾನು ಅವರ ಕಿವಿಯ ಹತ್ತಿರ ಕೂಗಬೇಕು.

“ಓಡೋವಾಗ ಎಲ್ಲಾವೂ ಚೆನ್ನಾಗೇ ಓಡ್ತವೆ. ತಡೆ ಸಿಕ್ದಾಗ ಏನ್ ಮಾಡ್ತದೆ ಅದ್ನ ಕೇಳು.”

ಇದು ಅವರ ಹಳೆಯ ಹಟ. ಒಂದು ಎಸ್ಟೇಟಿನಲ್ಲಿ ನಡೆದದ್ದನ್ನು ಅವರು ನನಗೆ ಕಡಿಮೆಯೆಂದರೂ ಹತ್ತು ಸಲ ಹೇಳಿದ್ದರು. ಹಣ್ಣು ರಾಶಿ ಬಿದ್ದಿತ್ತು. ಪಲ್ಪರಿನ ಬೆಲ್ಟು ಪದೇ ಪದೇ ಜಾರುತ್ತಿತ್ತು. ಮ್ಯಾನೇಜರು ಬಂದು ಬೆಲ್ಟು ಬಿಗಿ ಮಾಡು ಎಂದರು. ಮೇಸ್ತ್ರಿ ಒಪ್ಪಲಿಲ್ಲ. ಹಣ್ಣಿನ ಜೊತೆ ಕಲ್ಲು ಬರುತ್ತಿದೆ, ಕಲ್ಲು ಸಿಕ್ಕಿದಾಗ ಬೆಲ್ಟು ಜಾರಬೇಕು, ಜಾರದಿದ್ದರೆ ಒಳಗಿನ ತಗಡು ಸೀಳುತ್ತದೆ ಎಂದು ಹೇಳಿ ನೋಡಿದರು. ಮ್ಯಾನೇಜರು ಕೇಳಲಿಲ್ಲ. ಇವರು ಚೀಲ ಎತ್ತಿಕೊಂಡು ಗೇಟಿನವರೆಗೆ ನಡೆದು ಅಲ್ಲಿ ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಬೇರೆ ಯಾರೋ ಬಿಗಿ ಮಾಡಿದರು. ಅರ್ಧ ಗಂಟೆಗೆ ಪಲ್ಪರ್ ಹೌಸಿನಿಂದ ತಗಡು ಹರಿದ ಸದ್ದು ಬಂತು, ಹಿಂದೆಯೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಓಡಿ ಬಂದ. “ಬಂದೆ ಇರಪ್ಪ, ಅದುಕ್ಕೇ ಕೂತಿದ್ದೆ ಅಂದೆ” ಎಂದು ಕಥೆ ಮುಗಿಸಿ ಮೇಸ್ತ್ರಿ ಪ್ರತಿಸಲವೂ ನಗುತ್ತಿದ್ದರು. ನಾನು ಹತ್ತನೆಯ ಸಲಕ್ಕೆ ನಗುವುದನ್ನು ಬಿಟ್ಟಿದ್ದೆ. ಬೆಲ್ಟಿನ ಕಾಲದ ಮಾತಿಗೂ ಈ ಕಾರ್ಡು ಸಾಫ್ಟ್‌ವೇರಿಗೂ ಏನು ಸಂಬಂಧ ಎಂದು ಒಳಗೊಳಗೇ ರೇಗುತ್ತಿತ್ತು.

ಚೌಕಟ್ಟಿಗೆ ಅವರು ಕೂಲಿ ತೆಗೆದುಕೊಳ್ಳಲಿಲ್ಲ. ಬದಲಿಗೆ ಒಂದು ಹಲಗೆ ತಂದರು. ಹಲಸಿನದು, ಒಂದು ಮೊಳ ಅಗಲ, ಇಬ್ಬರು ಪಕ್ಕಪಕ್ಕದಲ್ಲಿ ಕೂರುವಷ್ಟು ಉದ್ದ. ಶಿರಂಗಾಲದ ಮನೆಯ ಹಿತ್ತಲಿನ ಮರ ಬಿದ್ದಾಗ ಕೊಯ್ಸಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಸಿ ಹನ್ನೆರಡು ವರ್ಷ ಇಟ್ಟಿದ್ದರು. ಮೊಮ್ಮಗಳ ಮದುವೆಗೆ ಹಸೆಮಣೆ ಮಾಡಿಸಬೇಕೆಂದು. ಅವಳು ಹುಟ್ಟಿದಾಗ ನೆರಳು ಕೊಟ್ಟ ಮರ ಅದು. ತೊಟ್ಟಿಲನ್ನೂ ಅದರ ಕೊಂಬೆಗೇ ಕಟ್ಟಿದ್ದರಂತೆ. ಮದುವೆ ಬೇಸಿಗೆಗೆ ಗೊತ್ತಾಗಿತ್ತು. “ಸುತ್ತ ಬಳ್ಳಿ ಬರ್ಬೇಕು, ನಡುವೆ ಇಬ್ರ ಹೆಸ್ರು. ನಿನ್ ಮಿಷನ್ನಿನ ಮೊದಲ್ನೇ ಕೆಲ್ಸ ಇದೇ ಆಗ್ಲಿ” ಎಂದರು. ಹಲಗೆಯ ಮೇಲೆ ಕೈಯಾಡಿಸಿ, “ಇನ್ನೊಂದಿಲ್ಲ ಕಣವ್ವ” ಎಂದೂ ಸೇರಿಸಿದರು.

ಆಮೇಲೆ ನನಗೆ ತಡೆಯಲಾಗಲಿಲ್ಲ. ಆರಿಸಿ ಆರಿಸಿ ಸಾಕಾಗಿತ್ತು. ವಿಡಿಯೋದಲ್ಲಿ ಹೆಚ್ಚು ಜನರ ಮೇಜಿನ ಮೇಲೆ ಕಂಡದ್ದನ್ನೇ ತರಿಸಿಬಿಟ್ಟೆ: ಸಾಮಾನ್ಯ ಸ್ಟೆಪ್ಪರುಗಳು, ಅಂಗೈಯಗಲದ ಕಾರ್ಡು, ಹಳೆಯ ಲ್ಯಾಪ್‌ಟಾಪಿಗೆ ಉಚಿತ ಸಾಫ್ಟ್‌ವೇರು. ಅವುಗಳಲ್ಲಿ ತಪ್ಪೇನೂ ಇರಲಿಲ್ಲ, ಇವತ್ತಿಗೂ ಎಷ್ಟೋ ಜನ ಅದರಲ್ಲೇ ಚೆಂದದ ಕೆಲಸ ಮಾಡುತ್ತಾರೆ. ಮೇಸ್ತ್ರಿ ಚೌಕಟ್ಟು ತಂದು ಕೂರಿಸಿದರು, ನಾನು ವೈರು ಜೋಡಿಸಿದೆ. ಸಿಲ್ವರ್ ಓಕಿನ ಚೂರುಗಳ ಮೇಲೆ ಹೆಸರು, ಹೂವು, ಆನೆ ಎಲ್ಲ ಮೂಡಿದವು. ಕೈ ನೋಯದೆ ಅಕ್ಷರ ಮೂಡುವುದನ್ನು ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಮೇಸ್ತ್ರಿ ಎಂದಿನಂತೆ ಚೀಲ ಎತ್ತಿಕೊಂಡು ಹೊರಟರು.

ಹಸೆಮಣೆಯ ಕೆಲಸ ಹಚ್ಚಿದ್ದು ಕಾಫಿ ಹೂ ಅರಳಿಸುವ ಹೂಮಳೆ ಬಂದು ಹೋದ ಮರುದಿನ ಮಧ್ಯಾಹ್ನ. ಬಳ್ಳಿಯ ಮೊದಲ ಮೂಲೆ ಅಚ್ಚುಕಟ್ಟಾಗಿ ಬಂತು. ಇಡೀ ಕೆಲಸಕ್ಕೆ ಮೂರು ಗಂಟೆ ಬೇಕೆಂದು ಸಾಫ್ಟ್‌ವೇರ್ ತೋರಿಸುತ್ತಿತ್ತು. ನಾನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಸ್ವಲ್ಪ ಹೊತ್ತು ಕೂತೆ. ಆಮೇಲೆ ಅಂಗಡಿಯ ಮುಂಭಾಗಕ್ಕೆ ಬಂದು ಕುರ್ಚಿಗೆ ಒರಗಿದೆ. ನಿದ್ದೆ ಮಾಡಲಿಲ್ಲ, ಸುಮ್ಮನೆ ಒರಗಿದೆ. ಇಷ್ಟು ವರ್ಷದಲ್ಲಿ ಕೆಲಸ ನಡೆಯುತ್ತಿರುವಾಗ ನಾನು ಕೂತದ್ದು ಅದೇ ಮೊದಲು. ಹಿಂದಿನಿಂದ ಮಿಷನ್ನಿನ ಗುಂಯ್ ಸದ್ದು ಬರುತ್ತಲೇ ಇತ್ತು. ನಡುವೆ ಒಮ್ಮೆ ಗೊರಕೆಯಂಥ ಸದ್ದು ಬಂದು ನಿಂತಿತು. ಎದ್ದು ನೋಡಬೇಕು ಅನ್ನಿಸಿತು. ಏಳಲಿಲ್ಲ.

ಹೋಗಿ ನೋಡಿದಾಗ ಮಿಷನ್ ಶ್ರದ್ಧೆಯಿಂದ ಕೆತ್ತುತ್ತಲೇ ಇತ್ತು. ಹಲಗೆಯಲ್ಲಿದ್ದ ಒಂದು ಗಂಟಿಗೆ ಕೆತ್ತುವ ಬಿಟ್ ಸಿಕ್ಕಿ, ಮೋಟಾರು ಕೆಲವು ಹೆಜ್ಜೆ ತಪ್ಪಿಸಿಕೊಂಡಿತ್ತು. ತಪ್ಪಿಸಿಕೊಂಡದ್ದು ಅದಕ್ಕೂ ಗೊತ್ತಿಲ್ಲ, ಕಾರ್ಡಿಗೂ ಗೊತ್ತಿಲ್ಲ. ಅಲ್ಲಿಂದಾಚೆ ಎಲ್ಲವನ್ನೂ ಒಂದು ಬೆರಳಗಲ ಪಕ್ಕಕ್ಕೆ ಕೆತ್ತಿಕೊಂಡು ಹೋಗಿತ್ತು. ಬಳ್ಳಿ ನಡುವೆ ಮುರಿದು, ಎಲೆಯ ಮೇಲೆ ಎಲೆ ಹತ್ತಿ, ಹುಡುಗಿಯ ಹೆಸರಿನ ಮೊದಲ ಅಕ್ಷರ ಬಳ್ಳಿಯೊಳಗೆ ನುಗ್ಗಿತ್ತು. ನಾನು ಸ್ವಿಚ್ ಆಫ್ ಮಾಡಿ ನೆಲದ ಮೇಲೆ ಕೂತೆ. ಮೇಸ್ತ್ರಿಯನ್ನು ಕರೆಯಲು ನನಗೆ ಕಾಲು ಗಂಟೆ ಬೇಕಾಯಿತು.

ಅವರು ಬಂದು ಹಲಗೆ ನೋಡಿದರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಮುರಿದ ಬಳ್ಳಿಯ ಮೇಲೆ ಹೆಬ್ಬೆರಳು ಎಳೆದು ಕೇಳಿದರು. “ನೀನೆಲ್ಲಿದ್ದೆ?”

“ಮುಂದೆ ಕೂತಿದ್ದೆ.”

“ಜನ ಬಂದಿದ್ರಾ?”

“ಇಲ್ಲ. ಸುಮ್ಮನೆ ಕೂತಿದ್ದೆ. ಸುಸ್ತಾಗಿತ್ತು ಮೇಸ್ತ್ರೀ.”

ಅವರಿಗೆ ಕೇಳಿಸಲಿಲ್ಲ ಅಂದುಕೊಂಡು ಮತ್ತೊಮ್ಮೆ ಕೂಗಿದೆ. ಕೈಯಷ್ಟೇ ಅಲ್ಲ ಮೇಸ್ತ್ರೀ, ನಾನೇ ಸುಸ್ತಾಗಿದ್ದೀನಿ, ಎರಡು ವರ್ಷದಿಂದ ಹೀಗೇ, ಯಾರಿಗೂ ಹೇಳಿಲ್ಲ ಎಂದೆಲ್ಲ ಕೂಗಿಬಿಟ್ಟೆ. ಬೀದಿಯಲ್ಲಿ ಹೋಗುತ್ತಿದ್ದವರಿಗೂ ಕೇಳಿಸಿರಬೇಕು. ಕಿವುಡರ ಮುಂದೆ ಗುಟ್ಟು ಹೇಳುವ ಕಷ್ಟ ಅದು.

ಮೇಸ್ತ್ರಿ ಸ್ಟೂಲಿನ ಮೇಲೆ ಕೂತರು. ಹಲಗೆಯ ಧೂಳು ಒರೆಸುತ್ತ ಹೇಳಿದರು. “ಸುಸ್ತಾದೋರಿಗೆ ಬೇಕಾದ ಮಿಷನ್ನೇ ಬೇರೆ ಕಣವ್ವ. ನಾವು ಸುಸ್ತಿಲ್ದೋರ ಮಿಷನ್ ತಗಂಡ್ವಿ.”

ಎಂಟು ತಿಂಗಳಲ್ಲಿ ಯಾವ ವಿಡಿಯೋದವರೂ ಹೇಳದ ಮಾತು ಅದು. ನಾನು ತರಿಸಿದ್ದು ಪಕ್ಕದಲ್ಲಿ ಕಣ್ಣು ಕಿವಿ ಎರಡೂ ಇಟ್ಟುಕೊಂಡು ನಿಲ್ಲಬಲ್ಲವರ ಮಿಷನ್ನು. ಅಂಥವರು ಆ ಗೊರಕೆ ಕೇಳಿದ ಕ್ಷಣ ಕೈ ಹಾಕಿ ನಿಲ್ಲಿಸುತ್ತಿದ್ದರು. ನನಗೆ ಬೇಕಿದ್ದದ್ದು, ನಾನು ಏಳದೆ ಹೋದ ದಿನವೂ ತಾನು ಸೋತದ್ದನ್ನು ತಾನೇ ತಿಳಿದು ನಿಲ್ಲುವಂಥದ್ದು. ಎಷ್ಟು ದೊಡ್ಡ ಹಲಗೆ, ಎಷ್ಟು ವೇಗ ಎಂದು ಮಾರುವವರು ಕೇಳಿದರು, ನಾನು ಹೇಳಿದೆ. ನಿಮಗೆ ಎಷ್ಟು ಆಗುತ್ತದೆ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೂ ನಾನು ಸುಳ್ಳು ಹೇಳುತ್ತಿದ್ದೆ.

ಆಮೇಲೆ ಮೇಸ್ತ್ರಿ ಎದ್ದು ಚೌಕಟ್ಟಿನ ಹಿಂಬದಿಯ ರೈಲಿನ ಮೇಲೆ ಕೈಯಿಟ್ಟು, ಮಿಷನ್ನಿನ ತಲೆಯನ್ನು ಆ ತುದಿಗೆ ನೂಕಿ ತೋರಿಸಿದರು. ಕೊನೆಯ ಒಂದು ಗೇಣಿನಲ್ಲಿ ಅದು ಬಿಗಿಯಾಗಿ ಓಡುತ್ತಿತ್ತು. ಕೂರಿಸಿದ ದಿನವೇ ಅವರಿಗೆ ಗೊತ್ತಾಗಿತ್ತಂತೆ. ಬಿಚ್ಚಿ ಮತ್ತೆ ಕೂರಿಸಬೇಕಿತ್ತು. “ಸಂಜೆ ಆಗಿತ್ತು. ಸೊಂಟ ನಿಲ್ತಿರಲಿಲ್ಲ. ಸಾಕು ಬಿಡು, ಓಡ್ತದೆ ಅಂದ್ಕಂಡೆ” ಎಂದರು. ಗಂಟು ಸಿಕ್ಕಿದ್ದು ಸರಿಯಾಗಿ ಆ ಒಂದು ಗೇಣಿನಲ್ಲೇ. ಎಸ್ಟೇಟಿನ ಮ್ಯಾನೇಜರಿಗೆ ಬಗ್ಗದ ಮನುಷ್ಯ, ತನ್ನ ಸೊಂಟಕ್ಕೆ ಬಗ್ಗಿ ಅದನ್ನು ನನ್ನಿಂದ ಮುಚ್ಚಿಟ್ಟಿದ್ದರು. ಅವರ ಮುಖ ನೋಡಲು ನನಗೆ ಆಗಲಿಲ್ಲ. ಕೋಪ ಬರಬೇಕಿತ್ತು, ಬಂದದ್ದು ನಿರಾಳ. ಒಬ್ಬಳೇ ತಪ್ಪು ಮಾಡಿಲ್ಲ ಎಂಬ ಸಣ್ಣತನದ ನಿರಾಳವೂ ಅದರಲ್ಲಿತ್ತು, ಸುಳ್ಳು ಹೇಳುವುದಿಲ್ಲ.

ಮದುವೆಗೆ ಐದು ವಾರ ಉಳಿದಿತ್ತು. ಈ ಸಲ ಆರಿಸಲು ಎರಡು ದಿನ ಸಾಕಾಯಿತು. ಮಾರುವವರು ಫೋನಿನಲ್ಲಿ ಎಂದಿನ ಪ್ರಶ್ನೆ ಶುರು ಮಾಡುವ ಮೊದಲೇ ನಾನು ಹೇಳಿದೆ: ನನ್ನ ಕೈ ಸರಿಯಿಲ್ಲ, ನಾನು ಪೂರ್ತಿ ಹೊತ್ತು ಪಕ್ಕದಲ್ಲಿ ನಿಲ್ಲಲಾರೆ, ಇಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಆ ಕಡೆಯವನು, “ಮೊದಲೇ ಹೇಳಬಾರದಾ ಮೇಡಂ” ಎಂದ. ಹೆಜ್ಜೆ ತಪ್ಪಿದರೆ ತಾನೇ ತಿಳಿದು ಎಲ್ಲವನ್ನೂ ನಿಲ್ಲಿಸುವ ಮೋಟಾರುಗಳು ಬಂದವು. ಕರೆಂಟು ಹೋದರೂ ಎಲ್ಲಿದ್ದೆ ಎಂಬುದನ್ನು ನೆನಪಿಟ್ಟು, ಬಂದ ಮೇಲೆ ನನ್ನನ್ನು ಕೇಳದೆ ಅಲುಗಾಡದ, ಕೈಯಲ್ಲಿ ಹಿಡಿಯುವ ಕಂಟ್ರೋಲರು ಬಂತು. ವೇಗ ಮೊದಲಿನದರ ಅರ್ಧಕ್ಕೆ ಇಟ್ಟೆ. ಮೇಸ್ತ್ರಿ ರೈಲು ಬಿಚ್ಚಿ ಮತ್ತೆ ಕೂರಿಸಿದರು, ಒಂದೇ ದಿನದಲ್ಲಲ್ಲ, ಮೂರು ದಿನದಲ್ಲಿ. ದಿನಕ್ಕೆ ಎರಡು ಗಂಟೆ ಕೆಲಸ ಮಾಡಿ ಅವರು ನಾಚಿಕೆಯಿಲ್ಲದೆ ಮನೆಗೆ ಹೋಗುತ್ತಿದ್ದರು.

ಹಲಗೆಯನ್ನು ಮಗುಚಿ ಹಾಕಿದೆವು. ಕೆಟ್ಟ ಬದಿ ಕೆಳಗೆ, ಹೊಸ ಬದಿ ಮೇಲೆ. ಆ ಗಂಟು ಈ ಬದಿಗೂ ಬಂದಿತ್ತು, ಅದನ್ನು ತಪ್ಪಿಸಲು ಜಾಗವಿರಲಿಲ್ಲ. ನಾನೊಂದು ಪಕ್ಕ, ಮೇಸ್ತ್ರಿ ಒಂದು ಪಕ್ಕ ಸ್ಟೂಲು ಹಾಕಿ ಕೂತೆವು. ಕೆತ್ತುವ ಬಿಟ್ ಬಳ್ಳಿ ಬಿಡಿಸುತ್ತ ಗಂಟಿನ ಹತ್ತಿರ ಬಂತು. ನನ್ನ ಕೈ ಸ್ವಿಚ್ಚಿನ ಮೇಲಿತ್ತು. ಗಂಟಿಗೆ ತಾಗಿ ಒಮ್ಮೆ ಒದ್ದಾಡಿತು. ನಾನು ಸ್ವಿಚ್ ಒತ್ತುವ ಮೊದಲೇ ಕೆಂಪು ದೀಪ ಹತ್ತಿ ಇಡೀ ಮಿಷನ್ ನಿಂತುಬಿಟ್ಟಿತು.

“ನಿಲ್ತು!” ಎಂದರು ಮೇಸ್ತ್ರಿ. “ನಿಲ್ತು ನೋಡವ್ವ!”

ಮಿಷನ್ ಓಡಿದ್ದಕ್ಕೆ ಒಂದು ದಿನವೂ ಖುಷಿಪಡದವರು ನಿಂತದ್ದಕ್ಕೆ ಮಗುವಿನಂತೆ ಕೈ ತಟ್ಟಿದರು. ನಾನು ಗಂಟನ್ನು ಕಿರುಬೆರಳಗಲದ ಉಳಿಯಿಂದ, ಎಡಗೈಯಲ್ಲಿ, ನಿಧಾನವಾಗಿ ಕೆತ್ತಿ ತಗ್ಗಿಸಿದೆ. ಕಂಟ್ರೋಲರು ಮುಂದುವರಿಸಲೇ ಎಂದು ಕೇಳಿತು. ಮುಂದುವರಿಸು ಎಂದೆ. ಬಿಟ್ಟಲ್ಲಿಂದಲೇ, ಕೂದಲೆಳೆ ಆಚೀಚೆಯಾಗದೆ ಬಳ್ಳಿ ಮುಂದೆ ಹೋಯಿತು. ಅವತ್ತು ಮೇಸ್ತ್ರಿ ಚೀಲ ಎತ್ತಿಕೊಳ್ಳಲಿಲ್ಲ. ಕೆಲಸ ಮುಗಿಯುವವರೆಗೂ ಕೂತು, ನಾನು ಮಾಡಿದ ಕಾಫಿ ಕುಡಿದು, ಸಕ್ಕರೆ ಕಮ್ಮಿ ಎಂದರು.

ಮದುವೆಯಲ್ಲಿ ಆ ಮಣೆಯ ಮೇಲೆ ಹುಡುಗ ಹುಡುಗಿ ಕೂತರು. ಅಡಿಯಲ್ಲಿದ್ದ ಮುರಿದ ಬಳ್ಳಿ ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಅಂಗಡಿ ಮುಚ್ಚಲಿಲ್ಲ. ಇವತ್ತಿಗೂ ನಡೆಯುತ್ತಿದೆ, ದಿನಕ್ಕೆ ನಾಲ್ಕು ಗಂಟೆ ಮಾತ್ರ. ಬಾಗಿಲಿಗೆ ಹಾಗೆಂದು ಬೋರ್ಡನ್ನೂ ಕೆತ್ತಿ ಹಾಕಿದ್ದೇನೆ.

ಮರುವರ್ಷದ ಮಳೆಗಾಲದಲ್ಲಿ ಮೇಸ್ತ್ರಿ ಮಲಗಿದರು. ಶ್ವಾಸಕೋಶಕ್ಕೆ ಏನೋ ಆಗಿತ್ತು. ಶಿರಂಗಾಲದ ಮನೆಗೆ ಹೋದಾಗ ನಡುಮನೆಯಲ್ಲಿ ಜನ ತುಂಬಿದ್ದರು. ಎಲ್ಲರೂ ಬಗ್ಗಿ ಬಗ್ಗಿ ಕೂಗುತ್ತಿದ್ದರು. ಏನೂ ಆಗಿಲ್ಲ, ಎದ್ದೇಳಿ, ಈ ಸಲದ ಪಿಕ್ಕಿಂಗಿಗೆ ನೀವೇ ಬರಬೇಕು, ಜೀಪ್ ಕಳಿಸ್ತೀವಿ. ಅವರು ಎಲ್ಲರಿಗೂ ತಲೆಯಾಡಿಸುತ್ತಿದ್ದರು. ಜನ ಊಟಕ್ಕೆ ಎದ್ದ ಮೇಲೆ ನಾನು ಹತ್ತಿರ ಕೂತೆ. ಹೇಗಿದ್ದೀರಿ ಎಂದು ಕೂಗಲು ಬಾಯಿ ಬರಲಿಲ್ಲ. ಅವರೇ ನನ್ನ ಕಡೆ ತಿರುಗಿ, ಯಾರಿಗೂ ಕೇಳದ ಹಾಗೆ ಹೇಳಿದರು. “ಸುಸ್ತಾಯ್ತು ಕಣವ್ವ.”

ಗಟ್ಟಿಯಾಗ್ತೀರಿ ಎಂದು ನಾನೂ ಹೇಳಬಹುದಿತ್ತು. ಹೇಳಿದ್ದರೆ ಅವರು ನನಗೂ ತಲೆಯಾಡಿಸುತ್ತಿದ್ದರು. “ಮಲಕ್ಕಳಿ ಮೇಸ್ತ್ರೀ. ನಾನಿಲ್ಲೇ ಕೂತಿರ್ತೀನಿ” ಎಂದು ಅವರ ಕಿವಿಯಲ್ಲಿ ಹೇಳಿದೆ. ಕೇಳಿಸಿತೋ ಇಲ್ಲವೋ, ನನ್ನ ಕೆಟ್ಟ ಕೈಯನ್ನು ತಮ್ಮ ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಹೊರಗೆ ಊಟದ ಎಲೆ ಎತ್ತುವ ಸದ್ದು, ಮಳೆಯ ಸದ್ದು. ಅವರ ಮಗಳು ಎರಡು ಸಲ ಊಟಕ್ಕೆ ಕರೆದಳು. ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಯಾರೋ ನೆನಪಿಸಿದರು. ಕೈಯಡಿಯಲ್ಲಿ ಅವರ ಉಸಿರು ಏರಿ ಇಳಿದು, ಏರಿ ಇಳಿದು, ಸಂಜೆಯ ಹೊತ್ತಿಗೆ ಒಮ್ಮೆ ಇಳಿದದ್ದು ಮತ್ತೆ ಏರಲಿಲ್ಲ. ಮನೆಯವರನ್ನು ಕೂಗುವ ಮುಂಚೆ ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.